ಎಲೆಯೊಳಗಿನ ಹಮಾಲರು

ಕಲಬುರಗಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಲು ಶುರುಮಾಡಿದ ಮೊದಲ ಎರಡು ವರ್ಷ, ಹೈಡ್ರಿಲ್ಲಾ ಎಂಬ ನೀರುಗಿಡದ ಎಲೆಯಲ್ಲಿ ಕೋಶದ್ರವ್ಯ, ಅಂದರೆ ಕೋಶದೊಳಗಿನ ದ್ರವ, ಹರಿಯುವುದನ್ನು ತೋರಿಸಲು ನನ್ನಿಂದ ಆಗಲೇ ಇಲ್ಲ. ಹಸಿರು ಕಣಗಳು ಕೋಶದ ಗೋಡೆಗೆ ಅಂಟಿ ಸುಮ್ಮನೆ ಕೂತಿರುತ್ತಿದ್ದವು. ಮಕ್ಕಳು ನನ್ನ ಮುಖ ನೋಡಿ, ರೆಕಾರ್ಡ್ ಬುಕ್ಕಿನಲ್ಲಿ ಬಾಣದ ಗುರುತು ಹಾಕಿಕೊಳ್ಳುತ್ತಿದ್ದರು. ಕಾಣದ್ದನ್ನು ಕಂಡೆವು ಎಂದು ಅವರ ಕೈಯಲ್ಲಿ ಬರೆಸಿದೆನಲ್ಲ ಎಂಬ ಸಂಕಟ ಇವತ್ತಿಗೂ ಇದೆ.

ಹಿಂದಿನ ದಿನವೇ ಗಿಡ ತಂದು, ಬೋರಿನ ನೀರಿನ ಬಕೆಟ್ಟಿಗೆ ಹಾಕಿ, ಕತ್ತಲೆ ಕೋಣೆಯಲ್ಲಿ ಇಡುತ್ತಿದ್ದೆವು. ಈಗ ಶಹಾಬಾದ್ ಕಡೆಯ ಹಳೇ ಫರಸಿ (ಸುಣ್ಣದ ಕಲ್ಲಿನ ಹಾಸುಗಲ್ಲು) ಗಣಿಯಲ್ಲಿ ನಿಂತ ನೀರಿನಿಂದ, ಆ ನೀರಿನ ಸಮೇತ ತರಿಸುತ್ತೇನೆ. ಬೆಳಿಗ್ಗೆ ಅರ್ಧ ತಾಸು ಕಿಟಕಿಯ ಬೆಳಕಿಗಿಟ್ಟು, ತುದಿಯ ಹತ್ತಿರದ ಎಳೆ ಎಲೆಯೊಂದನ್ನು ಇಡಿಯಾಗಿ ಕಿತ್ತು ಅದೇ ನೀರಿನ ಹನಿಯಲ್ಲಿ ಸ್ಲೈಡಿಗೆ ಹಾಕುತ್ತೇನೆ. ಎಲೆ ಎರಡೇ ಪದರ ಕೋಶಗಳಷ್ಟು ತೆಳು, ಸೀಳುವ ಕೆಲಸವಿಲ್ಲ. ನಡುನರದ ಉದ್ದನೆಯ ಕೋಶಗಳ ಮೇಲೆ ಕಣ್ಣಿಟ್ಟು ಐದು ನಿಮಿಷ ತಾಳಬೇಕು. ಮೊದಲು ಒಂದು ಕಣ ಮಿಸುಕುತ್ತದೆ, ಅದರ ಹಿಂದೆ ಇನ್ನೊಂದು, ಆಮೇಲೆ ಸಾಲು ಹಿಡಿದು ಗೋಡೆಯ ಗುಂಟ ಸುತ್ತಲಾರಂಭಿಸುತ್ತವೆ.

“ಮೇಡಂ, ಹೊಂಟಾವ್ರೀ!” ಎಂದು ಒಬ್ಬ ಹುಡುಗಿ ಕೂಗಿದ ದಿನ ಲ್ಯಾಬಿನ ಅಷ್ಟೂ ಮಕ್ಕಳು ಒಂದೇ ಮೈಕ್ರೋಸ್ಕೋಪಿಗೆ ಮುಗಿಬಿದ್ದರು.

ಆದರೂ ಪರೀಕ್ಷೆಯಲ್ಲಿ ಬಹಳ ಮಂದಿ ‘ಕಣಗಳು ನೀರಿನಲ್ಲಿ ತೇಲುತ್ತವೆ’ ಎಂದೇ ಬರೆಯುತ್ತಾರೆ. ನನ್ನ ಜಗಳವೆಲ್ಲ ಈ ಒಂದು ಮಾತಿನ ಮೇಲೆ. ತೇಲುವುದಲ್ಲ, ಹೊತ್ತು ಒಯ್ಯುವುದು. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊರುವ ಹಮಾಲರನ್ನು ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ಮಯೋಸಿನ್ ಎಂಬ ಪ್ರೋಟೀನು ಅಂಥ ಹಮಾಲ. ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆ ಅದು ನಡೆಯುವ ದಾರಿ. ಎರಡು ಕಾಲಿನಂಥ ತುದಿಗಳನ್ನು ಒಂದಾದ ಮೇಲೊಂದು ಎತ್ತಿಡುತ್ತದೆ, ಹೆಜ್ಜೆಗೊಂದು ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣು, ಖರ್ಚು. ಇಂಥ ಸಾವಿರಾರು ಹಮಾಲರು ಒಂದೇ ದಿಕ್ಕಿಗೆ ಹೊರಟಾಗ ಸುತ್ತಲಿನ ದ್ರವವೂ ಅವರ ಜೊತೆ ಎಳೆದುಕೊಂಡು ಹೋಗುತ್ತದೆ. ನಮಗೆ ಕಾಣುವ ಹರಿವು ಅದೇ.

ಇದು ನನಗೇ ಮನವರಿಕೆಯಾದದ್ದು ಒಂದು ಏಪ್ರಿಲ್‌ನಲ್ಲಿ. ಹೊರಗೆ 42 ಡಿಗ್ರಿ. ಚೆನ್ನಾಗಿ ಓಡುತ್ತಿದ್ದ ಸ್ಲೈಡನ್ನು ಕನ್ನಡಿಯ ನೇರ ಬಿಸಿಲಿಗೆ ಬಿಟ್ಟು ಹಾಜರಿ ಹಾಕಲು ಹೋದೆ. ಬಂದು ನೋಡಿದರೆ ಎಲ್ಲ ನಿಂತಿತ್ತು. ನೀರು ಇತ್ತು, ಕಣಗಳು ಇದ್ದವು, ಹೊರುವವರು ಮಾತ್ರ ಬಿಸಿಗೆ ಸೋತು ಕೆಲಸ ಬಿಟ್ಟಿದ್ದರು. ಬರೀ ತೇಲುವುದಾಗಿದ್ದರೆ ನೀರು ಬಿಸಿಯಾದಷ್ಟೂ ಅವು ಇನ್ನಷ್ಟು ಅಲುಗಾಡಬೇಕಿತ್ತು. ಅಂದಿನಿಂದ ಈ ಪ್ರಾಕ್ಟಿಕಲ್ಲನ್ನು ಡಿಸೆಂಬರಿನ ಬೆಳಗಿಗೆ ಇಟ್ಟುಕೊಂಡಿದ್ದೇನೆ.

ಅದೇ ಗಣಿಯ ನೀರಲ್ಲಿ ಕಾರಾ ಎಂಬ ಪಾಚಿಯೂ ಸಿಕ್ಕಿತು. ಸುಣ್ಣದ ನೀರೆಂದರೆ ಅದಕ್ಕೆ ಪ್ರೀತಿ, ಮೈಗೆಲ್ಲ ಸುಣ್ಣ ಕಟ್ಟಿಕೊಂಡು ಮುಟ್ಟಿದರೆ ಗರಗರ ಅನ್ನುತ್ತದೆ. 1774ರಲ್ಲಿ ಇಟಲಿಯ ಬೊನವೆಂತುರಾ ಕೋರ್ತಿ ಈ ಹರಿವನ್ನು ಮೊದಲು ಕಂಡದ್ದು ಈ ಜಾತಿಯ ಪಾಚಿಯಲ್ಲೇ. ಇದರ ಕಾಂಡದ ಗೆಣ್ಣುಗಳ ನಡುವಿನ ಒಂದೇ ಕೋಶ ಹಲವು ಸೆಂಟಿಮೀಟರ್ ಉದ್ದ ಇರಬಲ್ಲದು. ಐದು ಸೆಂಟಿಮೀಟರ್ ದೂರಕ್ಕೆ ಸಕ್ಕರೆ ತಾನಾಗಿ ಹರಡಿ ತಲುಪಬೇಕಾದರೆ ವಾರಗಳೇ ಬೇಕು. ಕಾರಾದ ಮಯೋಸಿನ್ ಸೆಕೆಂಡಿಗೆ ಸುಮಾರು 100 ಮೈಕ್ರೋಮೀಟರ್ ವೇಗದಲ್ಲಿ ಸಾಗಿಸುತ್ತದೆ, ಅಂದರೆ ಎಂಟೊಂಬತ್ತು ನಿಮಿಷದ ದಾರಿ. ನಮ್ಮ ಸ್ನಾಯುವಿನ ಮಯೋಸಿನ್‌ಗಿಂತ ಹತ್ತು ಪಟ್ಟು ಚುರುಕು.

ಸುಣ್ಣ ಕಟ್ಟಿದ ಕಾಂಡದಲ್ಲಿ ನನಗೆ ಏನೂ ಕಾಣಲಿಲ್ಲ. ಬುಡದ ಬೇರಿನಂಥ ಬಣ್ಣವಿಲ್ಲದ ಎಳೆಯೊಂದನ್ನು ಹಾಕಿದೆ. ಒಂದು ಅಂಚಿನಲ್ಲಿ ಕಣಗಳು ಮೇಲಕ್ಕೆ, ಇನ್ನೊಂದು ಅಂಚಿನಲ್ಲಿ ಕೆಳಕ್ಕೆ, ತುದಿಯ ಹತ್ತಿರ ಬಂದು ಹೊರಳಿ ಮತ್ತೆ ವಾಪಸ್. ಗಂಟೆ ಹೊಡೆದದ್ದು ನಮ್ಮಲ್ಲಿ ಯಾರಿಗೂ ಕೇಳಿಸಲಿಲ್ಲ.