11 ಜಿಬಿ ಇದ್ದದ್ದು 300 ಎಂಬಿ ಆದ ರಾತ್ರಿ

ನನ್ನದು ಮನೆಯಲ್ಲೇ ಕೂತು ಮಾಡುವ ಡಿಟಿಪಿ ಕೆಲಸ. ರಾಜಾಜಿನಗರದ ಮನೆಯ ಮಹಡಿ ರೂಮಿನಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಅಷ್ಟೇ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆ ಕಾರ್ಡು, ಸಂಘದವರ ಕರಪತ್ರ ಎಲ್ಲ ಮಾಡುತ್ತೇನೆ. ಚಿಕ್ಕಪೇಟೆ, ಕಾಟನ್‌ಪೇಟೆ ಕಡೆಯ ಅಂಗಡಿಯವರು ವಾಟ್ಸಾಪ್‌ನಲ್ಲಿ ಮ್ಯಾಟರ್ ಕಳಿಸುತ್ತಾರೆ, ಸಂಜೆಯೊಳಗೆ ಪ್ರೂಫ್ ಹೋಗಬೇಕು. "ದೊಡ್ಡ ಮಗಳ ಮದುವೆಗೆ ಮಾಡಿದ್ರಲ್ಲ ಸಾರ್, ಅದೇ ಡಿಸೈನ್ ಹಾಕಿಬಿಡಿ, ಹೆಸರು ಮಾತ್ರ ಬದಲಾಯಿಸಿ" ಅನ್ನುವ ಗಿರಾಕಿಗಳೇ ಜಾಸ್ತಿ. ಆ ದೊಡ್ಡ ಮಗಳ ಮದುವೆ ಆರು ವರ್ಷದ ಹಿಂದೆ ಆಗಿರುತ್ತದೆ. ಫೈಲ್ ಸಿಗದಿದ್ದರೆ ಗಿರಾಕಿ ಪಕ್ಕದ ಬೀದಿಗೆ ಹೋಗುತ್ತಾನೆ.

ಮೊದಲೆಲ್ಲ ನನ್ನ ಬ್ಯಾಕಪ್ ಅಂದರೆ ಕಾಪಿ ಪೇಸ್ಟ್. ನೆನಪಾದಾಗ ಕೆಲಸದ ಫೈಲುಗಳಿರುವ ಡಿ ಡ್ರೈವನ್ನು ಎಳೆದು ಹೊರಗಿನ ಡಿಸ್ಕಿಗೆ ಹಾಕುವುದು. 'ಬ್ಯಾಕಪ್ ಹೊಸದು', 'ಬ್ಯಾಕಪ್ ಹೊಸದು 2', 'ಇದೇ ಫೈನಲ್' ಅಂತ ಫೋಲ್ಡರುಗಳು. ಯಾವುದು ನಿಜವಾಗಿ ಕೊನೆಯದು ಅಂತ ನನಗೇ ಗೊತ್ತಿರಲಿಲ್ಲ. ಒಂದು ಸಲ ಹಾರ್ಡ್ ಡಿಸ್ಕ್ ಕಟಕಟ ಅಂತ ಸದ್ದು ಮಾಡಿ ಹೋಯಿತು. ಎಸ್.ಪಿ. ರೋಡಿಗೆ ಹೋಗಿ ಹೊಸ ಡಿಸ್ಕ್ ತಂದು, ವಿಂಡೋಸ್ ಹಾಕಿ, ಫೈಲುಗಳನ್ನೂ ವಾಪಸ್ ಹಾಕಿದೆ. ಒಂದು ಹಳೇ ಕಾರ್ಡ್ ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟು ಎಲ್ಲ ಸೇರಿ ಕಲಸುಮೇಲೋಗರ. ನಮ್ಮ ಹಳೇ ಫೈಲುಗಳೆಲ್ಲ ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನವು, ಫಾಂಟ್ ಇಲ್ಲದಿದ್ದರೆ ಹೀಗೇ ಕಾಣುತ್ತವೆ. ನುಡಿಯನ್ನೇನೋ ಮತ್ತೆ ಹಾಕಿಕೊಳ್ಳಬಹುದು, ಆದರೆ ಅಲ್ಲಿ ಇಲ್ಲಿ ಸಂಪಾದಿಸಿದ ಶೀರ್ಷಿಕೆಯ ಫಾಂಟುಗಳು, ಅದರಲ್ಲಿ ಎರಡು ಈಗ ಎಲ್ಲೂ ಸಿಗುವುದಿಲ್ಲ. ಅವು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ ಇದ್ದವು. ನಾನು ಉಳಿಸಿಕೊಂಡದ್ದು ಡಿ ಮಾತ್ರ.

ಅವತ್ತಿನಿಂದ ಎರಡು ಕೆಲಸ ಬೇರೆ ಬೇರೆ ಮಾಡಿದೆ. ಸಿ ಡ್ರೈವಿನದು ಪೂರ್ತಿ ಇಮೇಜ್, ಅಂದರೆ ವಿಂಡೋಸ್ ಸಮೇತ ಇಡೀ ಡ್ರೈವಿನ ಪಡಿಯಚ್ಚು, ಮೂರು ತಿಂಗಳಿಗೊಮ್ಮೆ, ಇಲ್ಲವೇ ದೊಡ್ಡ ಸಾಫ್ಟ್‌ವೇರ್ ಏನಾದರೂ ಹಾಕಿದ ಮೇಲೆ. ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಫಾಂಟುಗಳ ಒಂದು ಕಾಪಿ ಡಿ ಡ್ರೈವಿನಲ್ಲೂ ಇಟ್ಟಿದ್ದೇನೆ. ಒಂದು ವಿಷಯ ಗಮನಿಸಿ, ವಿಂಡೋಸ್ 10ರ ಈಚಿನ ಆವೃತ್ತಿಗಳಿಂದ ಫಾಂಟನ್ನು ಒಬ್ಬ ಯೂಸರ್‌ಗೆ ಮಾತ್ರ ಹಾಕಿದರೆ ಅದು ಆ ಯೂಸರ್‌ನ ಆಪ್‌ಡೇಟಾ ಫೋಲ್ಡರಿನೊಳಗೆ ಹೋಗಿ ಕೂರುತ್ತದೆ, ಹಳೇ ಜಾಗದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಡಿ ಡ್ರೈವಿಗೆ ಮೊದಲು ಇನ್‌ಕ್ರಿಮೆಂಟಲ್ ಇಟ್ಟೆ. ಒಂದು ಫುಲ್, ಅಂದರೆ ಎಲ್ಲ ಫೈಲುಗಳ ಪೂರ್ತಿ ಬ್ಯಾಕಪ್, ಆಮೇಲೆ ದಿನಾ ನಿನ್ನೆಯಿಂದ ಬದಲಾದದ್ದು ಮಾತ್ರ. ಚಿಕ್ಕದು, ಬೇಗ ಮುಗಿಯುತ್ತದೆ. ಆದರೆ ವಾಪಸ್ ತೆಗೆಯುವಾಗ ಫುಲ್ ಬೇಕು, ಜೊತೆಗೆ ಅಷ್ಟೂ ದಿನದ ತುಂಡುಗಳು ಸಾಲಾಗಿ ಬೇಕು. ಒಂದು ರಾತ್ರಿ ಬ್ಯಾಕಪ್ ನಡೆಯುವಾಗಲೇ ಕರೆಂಟ್ ಹೋಗಿ ಆ ದಿನದ ತುಂಡು ಇದ್ದ ಜಿಪ್ ಫೈಲ್ ಹಾಳಾಗಿತ್ತು, ಅದು ನನಗೆ ತಿಳಿದದ್ದು ಮೂರು ವಾರದ ಮೇಲೆ. ಆ ದಿನ ಮಾತ್ರ ತಿದ್ದಿದ್ದ ಫೈಲುಗಳು ಬೇರೆ ಯಾವ ತುಂಡಿನಲ್ಲೂ ಇರಲಿಲ್ಲ.

ಡಿಫರೆನ್ಶಿಯಲ್ ಹಾಗಲ್ಲ. ಪ್ರತಿ ಸಲವೂ ಕೊನೆಯ ಫುಲ್ ಆದ ಮೇಲೆ ಬದಲಾದ ಎಲ್ಲವನ್ನೂ ಮತ್ತೆ ತೆಗೆದುಕೊಳ್ಳುತ್ತದೆ. ವಾಪಸ್ ತೆಗೆಯಲು ಎರಡೇ ಬೇಕು, ಫುಲ್ ಒಂದು, ಕೊನೆಯ ಡಿಫರೆನ್ಶಿಯಲ್ ಒಂದು. ನಡುವಿನ ಒಂದು ದಿನದ್ದು ಕೆಟ್ಟರೆ ಕೆಡಲಿ. ದಿನದಿಂದ ದಿನಕ್ಕೆ ಊದುತ್ತಾ ಹೋಗುತ್ತದೆ ನಿಜ, ಆದರೆ ಹೆದರಿದಷ್ಟಲ್ಲ. ಒಂದೇ ಕಾರ್ಡನ್ನು ಹತ್ತು ದಿನ ತಿದ್ದಿದರೂ ಡಿಫರೆನ್ಶಿಯಲ್‌ನಲ್ಲಿ ಅದರ ಕಾಪಿ ಒಂದೇ ಇರುತ್ತದೆ. ಮದುವೆ ಮನೆಯವರು ಚಿಕ್ಕಪ್ಪನ ಹೆಸರು ಬಿಟ್ಟುಹೋಯಿತು, ಸೋದರಮಾವನ ಹೆಸರು ಮೇಲೆ ಬರಲಿ ಅಂತ ದಿನಾ ತಿದ್ದಿಸುವ ನಮ್ಮ ಕೆಲಸಕ್ಕೆ ಇದು ಸರಿಹೋಗುತ್ತದೆ.

ಲೆಕ್ಕ ಹೀಗೆ. ಡಿ ಡ್ರೈವಿನಲ್ಲಿ ಸುಮಾರು 180 ಜಿಬಿ ಇದೆ. ದಿನಕ್ಕೆ ಹೆಚ್ಚೂ ಕಮ್ಮಿ 1 ಜಿಬಿ ಸೇರುತ್ತದೆ. ತಿಂಗಳ ಮೊದಲ ಭಾನುವಾರ ಫುಲ್, ಉಳಿದ ದಿನ ರಾತ್ರಿ ಊಟಕ್ಕೆ ಹೋಗುವಾಗ ಡಿಸ್ಕ್ ಚುಚ್ಚಿ ಡಿಫರೆನ್ಶಿಯಲ್, ಮುಗಿದ ಮೇಲೆ ಡಿಸ್ಕ್ ಕಿತ್ತು ಬೀರುವಿಗೆ. ಸದಾ ಚುಚ್ಚಿಯೇ ಇಟ್ಟರೆ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದ ದಿನ ಬ್ಯಾಕಪ್ಪೂ ಬೀಗ ಹಾಕಿಕೊಂಡು ಕೂರುತ್ತದೆ. ತಿಂಗಳ ಕೊನೆಗೆ ಒಂದು ಡಿಫರೆನ್ಶಿಯಲ್ 30 ಜಿಬಿ ಮುಟ್ಟುತ್ತದೆ. ಎಲ್ಲ ರಾತ್ರಿಯದನ್ನೂ ಇಟ್ಟುಕೊಂಡರೆ 465 ಜಿಬಿ ಬೇಕು, ಅದು ಹುಚ್ಚಾಟ. ಕೊನೆಯ 5 ಮಾತ್ರ ಇಡುತ್ತೇನೆ, ಸುಮಾರು 140 ಜಿಬಿ. ಎರಡು ತಿಂಗಳ ಫುಲ್ ಸೇರಿ 500 ಜಿಬಿ. ನನ್ನ 1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಅಂತಲೇ ಕಾಣುವುದು, ಆದರೂ ಮೂರನೇ ಫುಲ್ ಬರೆಯಲು ಜಾಗ ಉಳಿಯುತ್ತದೆ. ಹೊಸ ಫುಲ್ ಪೂರ್ತಿ ಆಗುವ ತನಕ ಹಳೆಯದನ್ನು ಅಳಿಸಬಾರದು, ಅದಕ್ಕೆ ಈ ಜಾಗ.

ಸಾಫ್ಟ್‌ವೇರ್‌ಗಿಂತ ಪಂಚಾಂಗ ಜಾಸ್ತಿ ಕೆಲಸಕ್ಕೆ ಬರುತ್ತದೆ. ಆಷಾಢದಲ್ಲಿ ಮದುವೆ ಇಲ್ಲ, ಡಿಫರೆನ್ಶಿಯಲ್ ಸೊರಗಿರುತ್ತದೆ, ಒಂದೂವರೆ ತಿಂಗಳು ಫುಲ್ ತೆಗೆಯದಿದ್ದರೂ ನಡೆಯುತ್ತದೆ. ಮಾಘ, ವೈಶಾಖದಲ್ಲಿ ದಿನಕ್ಕೆ 3-4 ಜಿಬಿ ಸೇರುತ್ತದೆ, ಆಗ ಹದಿನೈದು ದಿನಕ್ಕೇ ಫುಲ್. ಡಿಫರೆನ್ಶಿಯಲ್ ಫುಲ್‌ನ ಮೂರನೇ ಒಂದು ಭಾಗ ಆಯಿತೋ, ಹೊಸ ಫುಲ್ ತೆಗೆದುಬಿಡುವುದು. ಇದು ನಾನೇ ಮಾಡಿಕೊಂಡ ಲೆಕ್ಕ.

ಈಗ ಆ ರಾತ್ರಿಯ ಕಥೆ. ಒಂದೇ ಡಿಸ್ಕ್ ಸಾಲದು, ಕಳ್ಳತನ, ಬೆಂಕಿ ಏನೇ ಆದರೂ ಒಂದು ಕಾಪಿ ಬೇರೆ ಮನೆಯಲ್ಲಿರಲಿ ಅಂತ ಇನ್ನೊಂದು ಡಿಸ್ಕ್ ತಂದೆ. ಜಯನಗರದ ತಂಗಿ ಮನೆಯಲ್ಲಿ ಇಡುವುದು ಅಂತ ಮಾತಾಗಿತ್ತು. ತಿಂಗಳ ನಡುವೆ, ಅದಕ್ಕೂ ಒಂದು ಫುಲ್ ತೆಗೆದೆ. ಅವತ್ತೇ ರಾತ್ರಿ ಮನೆಯ ಡಿಸ್ಕಿಗೆ ಎಂದಿನಂತೆ ಡಿಫರೆನ್ಶಿಯಲ್. ಹಿಂದಿನ ರಾತ್ರಿ 11 ಜಿಬಿ ಇದ್ದದ್ದು ಅವತ್ತು 300 ಎಂಬಿ! ಲಾಗ್‌ನಲ್ಲಿ ಒಂದು ತಪ್ಪೂ ಇಲ್ಲ. ಎಲ್ಲ ಸರಿ ಅಂತಲೇ ಬರೆದಿತ್ತು.

ಅರ್ಥ ಆಗಲು ಒಂದು ಗಂಟೆ ಹಿಡಿಯಿತು. ವಿಂಡೋಸ್‌ನಲ್ಲಿ ಪ್ರತಿ ಫೈಲಿಗೂ ಆರ್ಕೈವ್ ಅನ್ನುವ ಒಂದು ಗುರುತು ಇರುತ್ತದೆ. ಫೈಲ್ ಹೊಸದಾಗಿ ಬಂದರೆ, ಬದಲಾದರೆ ಆ ಗುರುತು ಬೀಳುತ್ತದೆ. ಫುಲ್ ಬ್ಯಾಕಪ್ ಆದ ಮೇಲೆ ಬ್ಯಾಕಪ್ ಸಾಫ್ಟ್‌ವೇರ್ ಅದನ್ನು ಅಳಿಸುತ್ತದೆ. ಇನ್‌ಕ್ರಿಮೆಂಟಲ್ ಕೂಡ ಅಳಿಸುತ್ತದೆ. ಡಿಫರೆನ್ಶಿಯಲ್ ಮಾತ್ರ ನೋಡಿ ಸುಮ್ನೆ ಬಿಡುತ್ತದೆ, ಅದಕ್ಕೇ ಮಾರನೇ ದಿನ ಅದೇ ಫೈಲ್ ಮತ್ತೆ ಬರುವುದು. ನಾನು ತಾರೀಕು ನೋಡುವ ಬದಲು ಈ ಗುರುತನ್ನು ನೋಡುವ ಆಯ್ಕೆ ಇಟ್ಟಿದ್ದೆ. ಅದಕ್ಕೆ ಕಾರಣವೂ ಇತ್ತು. ಗಿರಾಕಿ ಪೆನ್‌ಡ್ರೈವಿನಲ್ಲಿ ತಂದ ಹಳೇ ಫೋಟೋವನ್ನು ಕಾಪಿ ಮಾಡಿದರೆ ಬದಲಾದ ತಾರೀಕು ಹಳೆಯದೇ ಇರುತ್ತದೆ, ಬರೀ ತಾರೀಕು ನೋಡಿದರೆ ತಪ್ಪಿಹೋಗುತ್ತದೆ. ಗುರುತು ನೋಡಿದರೆ ಸಿಕ್ಕಿಬೀಳುತ್ತದೆ.

ಆದರೆ ಗುರುತು ಫೈಲಿಗೆ ಒಂದೇ. ಯಾವ ಡಿಸ್ಕಿನ ಫುಲ್ ಅದನ್ನು ಅಳಿಸಿತು ಅಂತ ಅದಕ್ಕೆ ಗೊತ್ತಿಲ್ಲ. ತಂಗಿ ಮನೆಯ ಡಿಸ್ಕಿನ ಫುಲ್ ಎಲ್ಲ ಗುರುತನ್ನೂ ಒರೆಸಿತ್ತು. ಮನೆಯ ಡಿಸ್ಕಿಗೆ ಆ 11 ದಿನದ ಕೆಲಸವೇ ಕಾಣಲಿಲ್ಲ. ನಾನು ಗಾತ್ರ ನೋಡದೆ ಮಲಗಿದ್ದರೆ ಇನ್ನು ಐದು ರಾತ್ರಿಯಲ್ಲಿ ಆ 11 ಜಿಬಿಯ ಫೈಲೂ ತಾನಾಗಿ ಅಳಿಸಿಹೋಗುತ್ತಿತ್ತು, ಐದೇ ಇಡು ಅಂತ ಹೇಳಿದ್ದವನು ನಾನೇ ಅಲ್ವಾ. ಕೆಳಗಿನಿಂದ ಹೆಂಡತಿ "ರೀ, ಅನ್ನ ಆರಿಹೋಯ್ತು" ಅಂತ ಮೂರು ಸಲ ಕೂಗಿದಳು. ಆ ರಾತ್ರಿಯೇ ಮನೆಯ ಡಿಸ್ಕಿಗೆ ಹೊಸ ಫುಲ್ ಹಚ್ಚಿ ಆಮೇಲೆ ಊಟಕ್ಕೆ ಇಳಿದೆ.

ಈಗ ಎರಡನೇ ಡಿಸ್ಕಿಗೆ ಬೇರೆ ಫುಲ್ ತೆಗೆಯುವುದಿಲ್ಲ. ಮನೆಯ ಡಿಸ್ಕಿನಲ್ಲಿರುವ ಫುಲ್ ಮತ್ತು ಕೊನೆಯ ಡಿಫರೆನ್ಶಿಯಲ್ ಫೈಲುಗಳನ್ನೇ ಅದಕ್ಕೆ ಕಾಪಿ ಮಾಡುತ್ತೇನೆ. ಡಿ ಡ್ರೈವಿನ ಗುರುತುಗಳನ್ನು ಮುಟ್ಟುವ ಮಾತೇ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಪ್ರತಿ ರಾತ್ರಿ ಡಿಫರೆನ್ಶಿಯಲ್‌ನ ಗಾತ್ರ ಬರೆಯುತ್ತೇನೆ. ನಿನ್ನೆಗಿಂತ ಧುತ್ತೆಂದು ಕಮ್ಮಿ ಆದರೆ ಏನೋ ಎಡವಟ್ಟು, ಧುತ್ತೆಂದು ಹತ್ತು ಪಟ್ಟಾದರೂ ಎಡವಟ್ಟು. ಫೈಲುಗಳನ್ನು ಯಾವುದೋ ವೈರಸ್ ಬದಲಾಯಿಸುತ್ತಿದ್ದರೂ ಗಾತ್ರ ಹಾಗೇ ಊದುತ್ತದೆ.

ಮೂರು ತಿಂಗಳಿಗೊಮ್ಮೆ ಹೆಂಡತಿಯ ಹಳೇ ಲ್ಯಾಪ್‌ಟಾಪಿನಲ್ಲಿ ನಿಜವಾಗಿಯೂ ವಾಪಸ್ ತೆಗೆದು ನೋಡುತ್ತೇನೆ. ಮೊದಲು ಫುಲ್, ಅದರ ಮೇಲೆ ಡಿಫರೆನ್ಶಿಯಲ್. ಮೊದಲ ಸಲ ಮಾಡಿದಾಗ ಅಳಿಸಿದ್ದ ಫೈಲುಗಳೆಲ್ಲ ಎದ್ದು ಬಂದವು, ಯಾಕೆಂದರೆ ಫುಲ್ ತೆಗೆದ ದಿನ ಅವು ಇದ್ದವು, ಆಮೇಲೆ ಅಳಿಸಿದ್ದು ಜಿಪ್‌ಗೆ ಗೊತ್ತಿಲ್ಲ. ಹೆಸರು ಬದಲಾಯಿಸಿದ್ದ ಫೋಲ್ಡರಿನದೂ ಅದೇ ಪಾಡು, ಹಳೇ ಹೆಸರಿನಲ್ಲೇ ಬಂದು ಕೂತಿತು. ಅದಕ್ಕೇ ಫೋಲ್ಡರುಗಳ ಹೆಸರು ಬದಲಾಯಿಸುವುದು, ಜಾಗ ಬದಲಾಯಿಸುವುದು ಏನಿದ್ದರೂ ಮೊದಲ ಭಾನುವಾರ ಬೆಳಿಗ್ಗೆ, ಫುಲ್‌ಗೆ ಮುಂಚೆ. ಆಮೇಲೆ ವಾಪಸ್ ಬಂದ ಫಾಂಟುಗಳನ್ನು ಹಾಕಿ ಒಂದು ಹಳೇ ಮದುವೆ ಕಾರ್ಡ್ ತೆರೆಯುತ್ತೇನೆ. 'ಶ್ರೀ ಗಣೇಶಾಯ ನಮಃ' ಸರಿಯಾಗಿ ಕಂಡರೆ ಫಾಂಟೂ ಬಂದಿದೆ ಅಂತ ಲೆಕ್ಕ, ಲ್ಯಾಪ್‌ಟಾಪ್ ಮುಚ್ಚಿ ಡಿಸ್ಕನ್ನು ಟಿಫನ್ ಡಬ್ಬಿಯ ಚೀಲಕ್ಕೆ ಹಾಕಿಕೊಂಡು ಜಯನಗರಕ್ಕೆ ಹೊರಡುತ್ತೇನೆ.