12 ಯೂರೋ ಒಳಗೆ ಒಳ್ಳೆ ಕೆಂಪು ವೈನ್: ಲಿಯಾನ್‌ನಲ್ಲಿ ನಾನು ಕಂಡುಕೊಂಡ ದಾರಿ

ಫ್ರಾನ್ಸಿನಲ್ಲಿ ಕಡಿಮೆ ದುಡ್ಡಿಗೆ ಒಳ್ಳೆ ಕೆಂಪು ವೈನ್ ಬೇಕಾದರೆ ಹೆಸರುವಾಸಿ ಊರನ್ನು ಬಿಟ್ಟು ಅದರ ಪಕ್ಕದೂರಿನ ಬಾಟಲಿ ಹುಡುಕಬೇಕು. ಲಿಯಾನ್‌ನಲ್ಲಿ ಮನೆ ಮಾಡಿದ ಮೇಲೆ ನಾನು ಕೊಳ್ಳುವುದೆಲ್ಲಾ ಹೀಗೇ.

ನಮ್ಮ ಉತ್ತರಕ್ಕೆ ಬೋಜೊಲೆ, ಅದರಾಚೆ ಬರ್ಗಂಡಿ. ಬರ್ಗಂಡಿಯ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಬೋಜೊಲೆಯ ದ್ರಾಕ್ಷಿ ಗಾಮೇ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಈ ಬಳ್ಳಿಯನ್ನೇ ಕಿತ್ತುಹಾಕಿ ಅಂತ ಆಜ್ಞೆ ಹೊರಡಿಸಿದ್ದ. ಆದರೆ ಬೋಜೊಲೆಯ ಉತ್ತರದ ಗ್ರಾನೈಟ್ ಗುಡ್ಡಗಳಲ್ಲಿ ಅದೇ ಗಾಮೇ ಎಷ್ಟು ಚೆನ್ನಾಗಿ ಬರುತ್ತದೆ ಗೊತ್ತಾ! ನವೆಂಬರ್ ಮೂರನೇ ಗುರುವಾರ ಬರುವ ಹೊಸ ಬೋಜೊಲೆ ಕುಡಿದು ಇಡೀ ಸೀಮೆಯನ್ನು ಅಳೆಯಬೇಡಿ. ಇಲ್ಲಿ 10 ಕ್ರೂಗಳಿವೆ. ಅಂದರೆ ತಮ್ಮ ಹೆಸರಲ್ಲೇ ವೈನ್ ಮಾರುವ ಹಕ್ಕು ಪಡೆದ ಜಾಗಗಳು. ಎಷ್ಟೋ ಲೇಬಲ್‌ಗಳಲ್ಲಿ ಬೋಜೊಲೆ ಅಂತ ದೊಡ್ಡದಾಗಿ ಬರೆದಿರುವುದೇ ಇಲ್ಲ, ಹಾಗಾಗಿ ಈ ಹೆಸರುಗಳು ನೆನಪಿರಲಿ. ಮೊರ್ಗೊನ್, ಫ್ಲೂರಿಗೆ ಈಗ ಬೇಡಿಕೆ ಜಾಸ್ತಿ. ನಾನು ಶೆನಾ ಅಥವಾ ರೆನ್ಯೇ ಹುಡುಕುತ್ತೇನೆ. ಶೆನಾ ಇವುಗಳಲ್ಲೆಲ್ಲಾ ಚಿಕ್ಕದು, ಹೆಸರಾಂತ ಮುಲಾಂ ಆ ವಾಂಗೆ ಅಂಟಿಕೊಂಡೇ ಇದೆ. ರೆನ್ಯೇಗೆ ಕ್ರೂ ಪಟ್ಟ ಸಿಕ್ಕಿದ್ದು 1988ರಲ್ಲಿ, ಎಲ್ಲರಿಗಿಂತ ಕೊನೆಗೆ. 10–12 ಯೂರೋಗೆ ಎರಡೂ ಸಿಗುತ್ತವೆ.

ದಕ್ಷಿಣಕ್ಕೆ ರೋನ್ ಕಣಿವೆ. ಅಲ್ಲಿ ಹೆಸರುವಾಸಿ ಶಾತೊನೆಫ್ ದ್ಯು ಪಾಪ್ ಬದಲು ಕೇರಾನ್ ಅನ್ನುವ ಊರಿನ ವೈನ್ ತರುತ್ತೇನೆ. 2016ರವರೆಗೆ ಅದು ಕೋತ್ ದ್ಯು ರೋನ್ ವಿಲಾಜ್ ಅನ್ನುವ, ಹಲವು ಊರುಗಳಿಗೆ ಸೇರಿದ ಹೆಸರಿನ ಗುಂಪಿನಲ್ಲಿತ್ತು, ಆಮೇಲೆ ಅದೂ ಕ್ರೂ ಆಯಿತು. ಗ್ರೆನಾಶ್ ದ್ರಾಕ್ಷಿಯ ಆ ಬಿಸಿಲಿನ ರುಚಿ ಇಲ್ಲೂ ಇದೆ.

ಅಂಗಡಿಯಲ್ಲಿ ಬಾಟಲಿ ಕೈಗೆತ್ತಿಕೊಂಡರೆ ನಾನು ಮೊದಲು ನೋಡುವುದು ‘ಮಿ ಆಂ ಬುತೇಯ್ ಓ ದೊಮೇನ್’ ಅನ್ನುವ ಸಾಲನ್ನು. ತೋಟದಲ್ಲೇ ಬಾಟಲಿಗೆ ತುಂಬಿದ್ದು ಅಂತ ಅರ್ಥ. ಬಿರಡೆ ಮೇಲಿನ ಮುಚ್ಚಳದಲ್ಲಿ ‘ಆರ್’ ಅಕ್ಷರ ಇದ್ದರೆ ಬೆಳೆದವರೇ ತುಂಬಿದ್ದು, ‘ಎನ್’ ಇದ್ದರೆ ವ್ಯಾಪಾರಿ ತುಂಬಿದ್ದು. ವ್ಯಾಪಾರಿಗಳಲ್ಲೂ ಒಳ್ಳೆಯವರು ಇದ್ದಾರೆ. ಆದರೂ ಹೆಸರು ಗೊತ್ತಿಲ್ಲದಾಗ ನನ್ನ ಮತ ಬೆಳೆದವರಿಗೇ.

ನಮ್ಮ ಊಟದ ಜೊತೆಗೂ ಗಾಮೇಯೇ ಸರಿ. ಒಗರು ಜಾಸ್ತಿ ಇರುವ ವೈನ್ ಮೆಣಸಿನಕಾಯಿ ಖಾರಕ್ಕೆ ಸಿಕ್ಕರೆ ಬಾಯಿ ಇನ್ನೂ ಉರಿಯುತ್ತದೆ. ಗಾಮೇಯಲ್ಲಿ ಒಗರು ಕಡಿಮೆ, ಹಣ್ಣಿನ ಹುಳಿ ಚುರುಕು. ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಕೋಳಿ ಸಾರಿನ ಜೊತೆ ಕೊಡಿ, ಮನೆಗೆ ಬಂದವರು ಹೆಸರು ಬರೆದುಕೊಂಡೇ ಹೋಗುತ್ತಾರೆ. ಕೇರಾನ್ ಮಾತ್ರ ಖಾರ ಕಡಿಮೆ ಹಾಕಿದ ಮಟನ್‌ಗೆ ಇರಲಿ, ಅದರಲ್ಲಿ ಮದ್ಯದ ಅಂಶ ಜಾಸ್ತಿ.

ಸೆಪ್ಟೆಂಬರ್‌ನಲ್ಲಿ ಸೂಪರ್‌ಮಾರ್ಕೆಟ್‌ಗಳಲ್ಲಿ ವೈನ್ ಮೇಳ ನಡೆಯುತ್ತದೆ. ಆಗ ಒಂದೊಂದೇ ಬಾಟಲಿ ತಂದು ಅವತ್ತೇ ರಾತ್ರಿ ಊಟಕ್ಕೆ ತೆಗೆಯುತ್ತೇನೆ. ಹಿಡಿಸಿದರೆ ಮಾರನೇ ದಿನ ಬೆಳಿಗ್ಗೆಯೇ ಹೋಗಿ ಆರು ಬಾಟಲಿಯ ಪೆಟ್ಟಿಗೆ ತರುತ್ತೇನೆ. ಒಳ್ಳೆಯದು ಸಂಜೆವರೆಗೂ ಉಳಿಯುವುದಿಲ್ಲ.