ಕೆಂಪು ಹಣ್ಣು ಎಲ್ಲಿ ಹೋಯಿತು? ಬಣ್ಣದ ಫೋಟೊ ಕಪ್ಪು-ಬಿಳುಪು ಮಾಡುವ ಬಗೆ

ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಕಾಫಿ ಕುಯ್ಲಿನ ಹೊತ್ತಿಗೆ ತೆಗೆದ ಫೋಟೊ ಒಂದು ನನ್ನ ಹತ್ತಿರ ಇದೆ. ರೆಂಬೆಯ ತುಂಬ ಕೆಂಪು ಹಣ್ಣು, ಹಿಂದೆ ಕಡು ಹಸಿರು ಎಲೆ. ಕಪ್ಪು-ಬಿಳುಪಿನಲ್ಲಿ ಚೆನ್ನಾಗಿರುತ್ತದೆ ಅಂತ ಫೋನಿನಲ್ಲಿ ಬಣ್ಣದ ಗಾಢತೆ ಏರಿಳಿಸುವ ಸ್ಯಾಚುರೇಶನ್ ಸ್ಲೈಡರನ್ನು ಪೂರ್ತಿ ಎಡಕ್ಕೆ ಎಳೆದೆ. ಹಣ್ಣೇ ಮಾಯ! ಎಲೆಯೂ ಬೂದು, ಹಣ್ಣೂ ಅದೇ ಬೂದು.

ತಪ್ಪು ಫೋನಿನದಲ್ಲ, ಲೆಕ್ಕದ್ದು. ಡಿಜಿಟಲ್ ಫೋಟೊದ ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ ಇರುತ್ತವೆ. ಒಂದೊಂದೂ 0ಯಿಂದ 255ರ ಒಳಗೆ. ಬೂದು ಮಾಡಬೇಕಾದರೆ ಮೂರನ್ನೂ ಬೆರೆಸಿ ಒಂದೇ ಅಂಕಿ ಮಾಡಬೇಕು. ಬಹಳ ಕಡೆ ಬಳಸುವ ಲೆಕ್ಕದಲ್ಲಿ ಕೆಂಪಿಗೆ ಶೇ 30, ಹಸಿರಿಗೆ ಶೇ 59, ನೀಲಿಗೆ ಶೇ 11 ಪಾಲು. ನಮ್ಮ ಕಣ್ಣಿಗೆ ಹಸಿರೇ ಜಾಸ್ತಿ ಬೆಳಕಾಗಿ ಕಾಣುವುದರಿಂದ ಹೀಗೆ. ಈಗ ಹಣ್ಣಿನ ಒಂದು ಚುಕ್ಕಿಯಲ್ಲಿ ಕೆಂಪು 170, ಹಸಿರು 30, ನೀಲಿ 40 ಇದೆ ಅಂದುಕೊಳ್ಳಿ. ಎಲೆಯಲ್ಲಿ 50, 90, 45. ಬೆರೆಸಿ ನೋಡಿ, ಎರಡೂ 73ಕ್ಕೇ ಬಂದು ನಿಲ್ಲುತ್ತವೆ. ಹಾಗಾಗಿ ಬಣ್ಣ ತೆಗೆದುಬಿಟ್ಟರೆ ಸಾಲದು. ಯಾವ ಬಣ್ಣ ಎಷ್ಟು ಬೆಳ್ಳಗಾಗಬೇಕು, ಎಷ್ಟು ಕಪ್ಪಾಗಬೇಕು ಅಂತ ನಾವೇ ಹೇಳಬೇಕು.

ಮೊದಲು: ಬಣ್ಣದಲ್ಲೇ ತೆಗೆಯಿರಿ

ನೇರವಾಗಿ ಕಪ್ಪು-ಬಿಳುಪಿನಲ್ಲೇ ತೆಗೆಯುವ ಕ್ಯಾಮೆರಾದ ಮೊನೊ ಮೋಡ್ ಮುಟ್ಟಬೇಡಿ. ಒಂದು ಹಬ್ಬದಲ್ಲಿ ಅಜ್ಜಿಯ ಫೋಟೊಗಳನ್ನೆಲ್ಲ ನಾನು ಆ ಮೋಡ್‌ನಲ್ಲೇ ತೆಗೆದೆ. ನನ್ನ ಫೋನು ಬಣ್ಣವನ್ನು ಉಳಿಸಿಕೊಳ್ಳಲೇ ಇಲ್ಲ. ಆಮೇಲೆ ಅಮ್ಮ, "ಅವತ್ತು ಅಜ್ಜಿ ಉಟ್ಟಿದ್ದು ಯಾವ ಸೀರೆನೋ?" ಅಂತ ಕೇಳಿದರೆ ನನ್ನಲ್ಲಿ ಉತ್ತರ ಇರಲಿಲ್ಲ. ಕ್ಯಾಮೆರಾದಲ್ಲಿ ರಾ ಫೈಲ್ (ಕ್ಯಾಮೆರಾ ಹಿಡಿದದ್ದನ್ನು ತಿದ್ದದೆ ಹಾಗೇ ಉಳಿಸುವ ಫೈಲ್) ಸೌಲಭ್ಯ ಇದ್ದರೆ ಅದನ್ನೇ ಬಳಸಿ. ಮಾಮೂಲಿ ಜೆಪೆಗ್ ಫೈಲಿನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲಾದರೆ 12 ಬಿಟ್ ರಾದಲ್ಲಿ 4096. ಎಳೆದಾಡಲು ಅಷ್ಟು ಜಾಗ ಸಿಗುತ್ತದೆ.

ಆಮೇಲೆ: ಬಣ್ಣ ಬೆರೆಸುವ ಟೂಲ್

ಫೋಟೊ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರಿನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಆರಿಸಿದರೆ ಎಂಟು ಬಣ್ಣಗಳ ಸ್ಲೈಡರ್ ಬರುತ್ತವೆ. ಫೋಟೊಶಾಪ್‌ನಲ್ಲಿ ಆರು. ಅಲ್ಲಿ ಅಡ್ಜಸ್ಟ್‌ಮೆಂಟ್ ಲೇಯರ್ (ಬದಲಾವಣೆಗಳನ್ನು ಮಾತ್ರ ಇಟ್ಟುಕೊಳ್ಳುವ ಬೇರೆ ಪದರ) ಹಾಕಿಯೇ ಮಾಡಿ, ಕೆಳಗೆ ಬಣ್ಣದ ಫೋಟೊ ಹಾಗೇ ಇರುತ್ತದೆ. ಕಾಸು ಕೊಡದೆ ಆಗಬೇಕಾದರೆ ಕಂಪ್ಯೂಟರಿನಲ್ಲಿ ಗಿಂಪ್‌ನ ಮೊನೊ ಮಿಕ್ಸರ್ ಇದೆ, ಫೋನಿನಲ್ಲಿ ಸ್ನ್ಯಾಪ್‌ಸೀಡ್ ಇದೆ. ಸ್ನ್ಯಾಪ್‌ಸೀಡ್‌ನಲ್ಲಿ ಸ್ಲೈಡರ್ ಬದಲು ಬಣ್ಣದ ಫಿಲ್ಟರ್‌ಗಳು. ಹಳೆಯ ಕಾಲದಲ್ಲಿ ಲೆನ್ಸ್ ಮುಂದೆ ಕೆಂಪು, ಹಳದಿ ಗಾಜು ಹಾಕುತ್ತಿದ್ದರಲ್ಲ, ಅದೇ ಕೆಲಸ.

ಈಗ ಕಾಫಿ ಫೋಟೊಗೆ ವಾಪಸ್ ಬರೋಣ. ಕೆಂಪನ್ನು ಮೇಲಕ್ಕೆ, ಹಸಿರು ಮತ್ತು ಹಳದಿಯನ್ನು ಕೆಳಕ್ಕೆ ಎಳೆಯಿರಿ. ಎಲೆಯ ಹಸಿರಿನಲ್ಲಿ ಹಳದಿ ಬಹಳ ಸೇರಿರುತ್ತದೆ, ಅದನ್ನು ಮರೆತರೆ ಅರ್ಧ ಎಲೆ ಮಾತ್ರ ಕಪ್ಪಾಗುತ್ತದೆ. ಹಣ್ಣು ಮುತ್ತಿನ ಹಾಗೆ ಕತ್ತಲಿನಿಂದ ಎದ್ದು ಬರುತ್ತದೆ. ಉಲ್ಟಾ ಮಾಡಿದರೆ ಕಪ್ಪು ಹಣ್ಣು, ಬೆಳ್ಳಗಿನ ಎಲೆ. ನನಗೆ ಅದು ಇಷ್ಟವಾಗಲಿಲ್ಲ, ಹಣ್ಣು ಒಣಗಿದ ಹಾಗೆ ಕಾಣುತ್ತದೆ.

ಮುಳ್ಳಯ್ಯನಗಿರಿಯ ಮೇಲಿನ ನೀಲಿ ಆಕಾಶಕ್ಕೆ ನೀಲಿ ಸ್ಲೈಡರ್ ಇಳಿಸಿ, ಮೋಡ ಎದ್ದು ಕಾಣುತ್ತದೆ. ಪೂರ್ತಿ ಇಳಿಸಿದರೆ ಮಾತ್ರ ಆಕಾಶದಲ್ಲಿ ಪಟ್ಟೆ, ಮರಳು ಎರಚಿದ ಹಾಗೆ ಚುಕ್ಕಿ. ಮುಖಕ್ಕೆ ಕಿತ್ತಳೆ ಸ್ವಲ್ಪ ಏರಿಸಿ. ಜಾಸ್ತಿಯಾದರೆ ಎಲ್ಲರೂ ಪೌಡರ್ ಬಳಿದುಕೊಂಡ ಹಾಗೆ ಕಾಣುತ್ತಾರೆ.

ಹಳೇಬೀಡು ನನಗೆ ಪಾಠ ಕಲಿಸಿದ ಜಾಗ. ಅಲ್ಲಿನ ಬಳಪದ ಕಲ್ಲಿಗೆ ಹೆಚ್ಚು ಬಣ್ಣವೇ ಇಲ್ಲ, ಮಧ್ಯಾಹ್ನದ ಫೋಟೊದಲ್ಲಿ ಯಾವ ಸ್ಲೈಡರ್ ಎಳೆದರೂ ಕಲ್ಲು ಜಪ್ಪಯ್ಯ ಅನ್ನಲಿಲ್ಲ. ಸಂಜೆಯ ಓರೆ ಬಿಸಿಲಿನಲ್ಲಿ ಕತೆ ಬೇರೆ. ಬಿಸಿಲು ಬಿದ್ದ ಕಡೆ ಕಲ್ಲಿಗೆ ಕಿತ್ತಳೆ ಛಾಯೆ. ನೆರಳಿನ ಕಡೆ ಆಕಾಶದ ಬೆಳಕು ಮಾತ್ರ ಬೀಳುವುದರಿಂದ ತುಸು ನೀಲಿ. ಕಿತ್ತಳೆ ಏರಿಸಿ ನೀಲಿ ಇಳಿಸಿದೆ. ಆನೆಗಳ ಸಾಲಿನಲ್ಲಿ ಒಂದೊಂದು ಸೊಂಡಿಲೂ ಬೇರೆ ಬೇರೆಯಾಗಿ ಕಂಡಿತು.

ಕೊನೆಗೆ: ಕಪ್ಪು, ಬಿಳಿ, ಪ್ರಿಂಟು

ಬಣ್ಣದ ಕೆಲಸ ಮುಗಿದ ಮೇಲೆಯೇ ಕಾಂಟ್ರಾಸ್ಟ್, ಅಂದರೆ ಕಪ್ಪು-ಬಿಳಿಯ ನಡುವಿನ ಅಂತರ, ಮುಟ್ಟಿ. ಫೋಟೊದಲ್ಲಿ ಎಲ್ಲೋ ಒಂದು ಕಡೆ ಅಚ್ಚ ಕಪ್ಪು, ಒಂದು ಕಡೆ ಹೆಚ್ಚುಕಡಿಮೆ ಬಿಳಿ ಇದ್ದರೆ ಸಾಮಾನ್ಯವಾಗಿ ಕಳೆ ಬರುತ್ತದೆ. ಮಂಜಿನ ಫೋಟೊಗೆ ಇದು ಬೇಡ, ಮಂಜು ಬೂದಾಗಿದ್ದರೇ ಚೆಂದ. ಸೇವ್ ಮಾಡುವಾಗ ಬೇರೆ ಹೆಸರು ಕೊಡಿ.

ಪ್ರಿಂಟ್ ಹಾಕಿಸುವವರು ಮೊದಲು ಒಂದೇ ಒಂದು ಚಿಕ್ಕ ಪ್ರಿಂಟ್ ತೆಗೆಸಿ. ಬಣ್ಣದ ಫೋಟೊ ಹಾಕುವ ಪೇಪರಿನ ಮೇಲೆ ಬಂದ ಕಪ್ಪು-ಬಿಳುಪಿಗೆ ಕೆಲವೊಮ್ಮೆ ಹಸಿರೋ ಗುಲಾಬಿಯೋ ಛಾಯೆ ಅಂಟಿರುತ್ತದೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಗೊತ್ತಾಗುವುದಿಲ್ಲ. ನಾನು ಹಾಗೆ ನೋಡಿ, ಒಪ್ಪಿ, ಹನ್ನೆರಡು ದೊಡ್ಡ ಪ್ರಿಂಟ್ ಮನೆಗೆ ತಂದಿದ್ದೆ. ಅಂಗಡಿಯಿಂದ ಹೊರಗೆ ಬಂದು ಬಿಸಿಲಲ್ಲಿ ಹಿಡಿದು ನೋಡಿ, ಆಮೇಲೆ ಉಳಿದವಕ್ಕೆ ಆರ್ಡರ್ ಕೊಡಿ.